ಹೆಬ್ಬೆರಳಿಲ್ಲದ ಹಿಡಿ

ಗಂಡ ಗುರುಶಾಂತ ಹೋದ ಮೇಲೂ ಅವನ ಹಿಡಿ ಬಾಗಿಲಲ್ಲೇ ಇತ್ತು. ಗಣಾರಾಧನೆ ಮುಗಿಯಿತು, ನೆಂಟರು ಹೊರಟರು, ಅಂಗಳದ ಚಪ್ಪರ ಬಿಚ್ಚಿದರು. ಹಿಡಿ ಹಾಗೇ ಇತ್ತು. ಅದನ್ನು ಕೆತ್ತಿಸಿ ತೆಗೆಸಬೇಕು ಎಂದು ಬೀದಿಯೆಲ್ಲ ಹೇಳುತ್ತಿತ್ತು. ನಾನು ಬೇಡ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಬೆಳಿಗ್ಗೆ ಹೊಸ್ತಿಲು ಸಾರಿಸಿ ಬಾಗಿಲು ಒರೆಸುವಾಗ ಆ ಜಾಗವನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದೆ.

ಈ ಊರಿನ ಬಾಗಿಲುಗಳಿಗೆ ಬೀಗವಿಲ್ಲ, ಹಿಡಿಗಳಿವೆ. ಆಚಾರಿ ಕೂರಿಸಿ ಕೊಡುವಾಗ ಬಾಗಿಲು ನುಣ್ಣಗಿರುತ್ತದೆ. ಆಮೇಲೆ ಆ ಮನೆಗೆ ಯಾರು ಯಾರು ಬೇಕೋ ಅವರವರ ಕೈಯ ಅಳತೆಗೆ ಒಂದೊಂದು ಹಿಡಿ ಹೊರಮೈಯಲ್ಲಿ ತಾನಾಗಿ ಮೂಡುತ್ತದೆ, ಹಲಸಿನ ಬೊಡ್ಡೆಯಲ್ಲಿ ಮಿಡಿ ಮೂಡುವ ಹಾಗೆ. ಮನೆಯವರದು, ಹಾಲು ತರುವವಳದು, ಸೂಲಗಿತ್ತಿಯದು, ಕಷ್ಟಕ್ಕೆ ಬರುವ ನೆಂಟನದು. ಬೆರಳುಗಳು ತಮ್ಮ ತಮ್ಮ ಹಳ್ಳದಲ್ಲಿ ಕೂತರೆ ಬಾಗಿಲು ತೆರೆಯುತ್ತದೆ. ಕೂರದಿದ್ದರೆ ಆನೆ ಬಂದು ತಳ್ಳಿದರೂ ಇಲ್ಲ.

ನಾನು ದೂರದ ಪಟ್ಟಣದವಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈರಸ್ಸುಗಳ ಬಗ್ಗೆ ಓದಿದ್ದೆ. ಮದುವೆಯಾಗಿ ಬಂದ ದಿನ ಗುರುಶಾಂತ ಬಾಗಿಲು ತೆರೆದು ಹಿಡಿದ, ನಾನು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದೆ. ಮಾರನೆಯ ಬೆಳಿಗ್ಗೆ ರಂಗೋಲಿ ಹಾಕಲು ಹೊರಗೆ ಬಂದವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಎಷ್ಟು ತಳ್ಳಿದರೂ ಮಿಸುಕಲಿಲ್ಲ. ಅತ್ತೆ ಮರುಳಮ್ಮ ಕಿಟಕಿಯಿಂದ ಮುಖ ತೋರಿಸಿದರು.

"ಅದಕ್ಕಿನ್ನೂ ನಿನ್ನ ಪರಿಚಯ ಆಗಿಲ್ಲ ಕಣವ್ವ. ನನ್ನ ಕೈಯೆಲ್ಲ ಹಿಟ್ಟಾಗಿದೆ. ಕೂತ್ಕೊ ಜಗಲಿ ಮೇಲೆ, ಅವರೆಕಾಯಿ ಕೊಡ್ತೀನಿ, ಸುಲೀತಿರು."

ಎದುರು ಮನೆಯ ಕೊಟ್ರಪ್ಪ ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದ. ಬೀದಿಯ ಸುದ್ದಿಯೆಲ್ಲ ಅವನ ಜಗಲಿಯ ಮೇಲೆಯೇ ಹಾದು ಹೋಗಬೇಕು. "ಏನು ಮರುಳಕ್ಕ, ಸೊಸೇನ ಮೊದಲನೇ ದಿನಾನೇ ಹೊರಗೆ ಹಾಕ್ಬಿಟ್ಯಾ?"

"ನಾನ್ಯಾಕೆ ಹಾಕ್ಲಪ್ಪ? ಬಾಗಿಲು ಹಾಕಿರೋದು. ಕೇಳೋದಿದ್ರೆ ಅದನ್ನೇ ಕೇಳು."

ಹೀಗೆ ಎಷ್ಟೋ ಅವರೆಕಾಯಿ ಸುಲಿದ ಮೇಲೆ ಒಂದು ಮುಂಜಾನೆ ಗುರುಶಾಂತನ ಹಿಡಿಯ ಪಕ್ಕದಲ್ಲಿ ಬಟಾಣಿಯಷ್ಟು ಗಂಟು ಕಂಡಿತು. ಅದು ದಿನದಿನಕ್ಕೆ ಉಬ್ಬಿ, ಬೆರಳಿನ ಹಳ್ಳಗಳನ್ನು ತಾನೇ ತೋಡಿಕೊಂಡು, ನನ್ನ ಕೈಯಾಯಿತು. ನಾನು ಹಿಡಿದೆ. ಬಾಗಿಲು ಸದ್ದಿಲ್ಲದೆ ಒಳಗೆ ಸರಿಯಿತು. ನನಗೆ ನಗು ಬಂತು, ನಿಲ್ಲಿಸಲಾಗಲಿಲ್ಲ. ಹೊಸ ಸೊಸೆಗೆ ತಲೆ ಕೆಟ್ಟಿದೆಯೆಂದು ಕೊಟ್ರಪ್ಪ ಊರಿಗೆಲ್ಲ ಹೇಳಿಕೊಂಡು ಬಂದ.

ನಾನು ನಕ್ಕಿದ್ದು ಯಾಕೆಂದು ಗುರುಶಾಂತನಿಗೆ ಮಾತ್ರ ಹೇಳಿದೆ. ಅವನು ಊರಿನ ದನದ ಡಾಕ್ಟರು. ಸಂಜೆ ಕೈಕಾಲು ತೊಳೆದು ಜಗಲಿಗೆ ಬಂದು ಕೂರುತ್ತಿದ್ದ. ಮೈಗೆ ಯಾವಾಗಲೂ ಹಸಿ ಹುಲ್ಲಿನ, ಔಷಧಿಯ ವಾಸನೆ. ಬಲಗೈ ಹೆಬ್ಬೆರಳಿನ ತುದಿ ಇರಲಿಲ್ಲ. ಹಿಂದೆ ಯಾವಾಗಲೋ ಜಟಕಾ ಕುದುರೆಯೊಂದು ಕಚ್ಚಿ ತೆಗೆದಿತ್ತು. ಆ ಗಾಯ ಮಾಯುವಷ್ಟರಲ್ಲಿ ಊರಲ್ಲಿದ್ದ ಅವನ ಹಿಡಿಗಳೆಲ್ಲ ಹೆಬ್ಬೆರಳಿನ ಹಳ್ಳವನ್ನು ಅರ್ಧ ಮುಚ್ಚಿಕೊಂಡು ಮೋಟಾಗಿದ್ದವಂತೆ.

ನಾನು ಇದ್ದಿಲಿನಿಂದ ಜಗಲಿಯ ಮೇಲೆ ಒಂದು ದುಂಡು ಬರೆದು, ಸುತ್ತ ಸಣ್ಣ ಸಣ್ಣ ಗೂಟ ನೆಟ್ಟೆ. ಇದು ಜೀವಕೋಶ, ನಿನ್ನ ಮೈಯಲ್ಲೂ ಹಸುವಿನ ಮೈಯಲ್ಲೂ ಇರುವಂಥದ್ದು, ಎಂದೆ. ಇವು ಅದರ ಹೊರಮೈ ಮೇಲಿನ ಗ್ರಾಹಿಗಳು. ಒಂದು ಕಬ್ಬಿಣದ ಅಂಶವನ್ನು ಒಳಗೆ ಕರೆದುಕೊಳ್ಳಲು, ಒಂದು ಸಕ್ಕರೆಗೆ, ಒಂದು ಪಕ್ಕದ ಕೋಶ ಹೇಳುವ ಮಾತಿಗೆ. ನಮ್ಮ ಮೇಷ್ಟ್ರು ಕರಿಹಲಗೆಯ ಮೇಲೆ ಹೀಗೇ ಬರೆಯುತ್ತಿದ್ದರು. ಪರೀಕ್ಷೆಗೆ ಬೇಕಾದಷ್ಟು ನಂಬಿದ್ದೆ. ನಿಮ್ಮ ಬಾಗಿಲು ನೋಡಿದ ಮೇಲೆ ಪೂರ್ತಿ ನಂಬಿದೆ.

"ಹಾಗಾದ್ರೆ ವೈರಸ್ಸು ಕಳ್ಳ."

"ಕಳ್ಳ ಆದ್ರೆ ಗೋಡೆ ಕೊರೀಬೇಕಿತ್ತು. ಇದಕ್ಕೆ ಆ ಕಷ್ಟ ಇಲ್ಲ. ಅದರ ಮೈಮೇಲೆ ಒಂದು ಕೈ ಇರುತ್ತೆ. ಆ ಕೈ ಯಾವ ಹಿಡಿಗೆ ಕೂರುತ್ತೋ ಆ ಬಾಗಿಲು ತೆರೆಯುತ್ತೆ. ಬಾಗಿಲು ಕೈ ನೋಡುತ್ತೆ, ಯಾರು ಅಂತ ನೋಡಲ್ಲ."

ಅವನು ಇದ್ದಿಲಿನ ದುಂಡಿನ ಕಡೆ ಬಗ್ಗಿದ. "ನಾಯಿಮರಿಗಳಿಗೆ ರಕ್ತಭೇದಿ ಬರುತ್ತಲ್ಲ, ಅದು ಮೊದಲು ಬೆಕ್ಕಿನ ಕಡೆ ಇದ್ದ ರೋಗ ಅಂತ ಓದಿದ ನೆನಪು."

"ಹೌದು. ಬೆಕ್ಕಿನ ಕೋಶದಲ್ಲಿ ಅದು ಹಿಡೀತಿದ್ದದ್ದು ಕಬ್ಬಿಣಕ್ಕೆ ಅಂತ ಇರೋ ಹಿಡೀನ. ನಾಯೀದೂ ಹೆಚ್ಚು ಕಡಿಮೆ ಅದೇ, ಸ್ವಲ್ಪ ಬೇರೆ. ವೈರಸ್ಸಿನ ಕೈ ಅಷ್ಟಿಷ್ಟು ತಿದ್ದಿಕೊಳ್ತು. ಬೆರಳು ಒಂಚೂರು ಮಡಿಸಿದ ಹಾಗೆ. ಆಮೇಲೆ ಎಲ್ಲ ದೇಶದ ನಾಯಿಗಳ ಬಾಗಿಲೂ ತೆರೀತು."

"ಹೊಟ್ಟೆ ತುಂಬಿಸಿಕೊಳ್ಳೋಕೆ ಅಂತ ಇಟ್ಟ ಹಿಡಿ," ಎಂದ ಅವನು. ಆಮೇಲೆ ನಗುತ್ತ ಕೊಟ್ರಪ್ಪನ ಮನೆಯ ಕಡೆ ಗದ್ದ ತೋರಿಸಿದ. "ಆ ಮನೇಲಿ ಒಂದ್ಸಲ ಕೋತಿ ನುಗ್ಗಿದ ಕಥೆ ಗೊತ್ತಾ? ಇವನ ಅಜ್ಜಿ ತೀರಿಕೊಂಡ್ರು. ಸತ್ತವರ ಹಿಡಿ ಕೆತ್ತಿಸಿಬಿಡಬೇಕು, ಅದು ಪದ್ಧತಿ. ಇವರಪ್ಪ ಜುಗ್ಗ. ಇವತ್ತು ನಾಳೆ ಅಂತ ಆಚಾರೀನ ತಳ್ಳಿದ. ಅಜ್ಜಿ ಕೈ ಸಣ್ಣದು, ಸುಕ್ಕು ಸುಕ್ಕು. ಒಂದಿನ ಒಂದು ಮುದಿ ಕೋತಿ ಬಂದು ಹಿಡಿ ಮೇಲೆ ಕೈ ಇಟ್ಟಿತು ನೋಡು, ಬಾಗಿಲು 'ಬಾರಜ್ಜಿ' ಅಂತು! ದೇವರ ಮುಂದಿನ ಬಾಳೆಹಣ್ಣು ತಿಂದು ಅಜ್ಜಿ ಹಾಸಿಗೆ ಮೇಲೇ ಮಲಗಿತ್ತಂತೆ. ಕೊಟ್ರಪ್ಪನ ಅವ್ವ ಅತ್ತೇನೇ ತಿರುಗಿ ಬಂದ್ಲು ಅಂತ ಕಾಲಿಗೆ ಬಿದ್ಲಂತೆ."

"ಆಶೀರ್ವಾದ ಮಾಡ್ತಾ?"

"ಸೆರಗು ಹರಿದು ಕಳಿಸ್ತು."

ಆ ಹೊತ್ತಿಗೆ ಬಾವಲಿಗಳು ಊರಾಚೆಯ ಹಿಪ್ಪೆ ಮರ ಬಿಟ್ಟು ನಮ್ಮ ತಲೆಯ ಮೇಲೆ ಹಾದು ಹೋಗುತ್ತಿದ್ದವು. ದಿನವೂ ಹೋಗುತ್ತಿದ್ದವು. ನಾವು ದಿನವೂ ನೋಡುತ್ತಿದ್ದೆವು.

ಸೀಬೆಯ ಕಾಲದಲ್ಲಿ ಆ ಬಾವಲಿಗಳು ಅರ್ಧ ತಿಂದು ಬಿಟ್ಟ ಹಣ್ಣುಗಳು ಊರ ಹಂದಿದೊಡ್ಡಿಯೊಳಗೆ ಉದುರಿದವು. ಹಂದಿಗಳು ತಿಂದವು, ಕೆಮ್ಮಿದವು. ಗುರುಶಾಂತ ಅವುಗಳ ಬಾಯಿ ಬಿಡಿಸಿ ಗಂಟಲು ನೋಡಿದ, ಸೂಜಿ ಹಾಕಿದ, ರಾಡಿಯಲ್ಲಿ ಮಂಡಿಯೂರಿ ಕೂತ. ಮನೆಗೆ ಬಂದು ತಲೆನೋವೆಂದ. ಜ್ವರ ಹಿಡಿಯಿತು. ಆಮೇಲೆ ನನ್ನ ಹೆಸರು ಮರೆತ. ಅದರ ಆಚೆಗೆ ಬರೆಯಲು ನನ್ನ ಬಳಿ ಏನೂ ಇಲ್ಲ. ನಾನು ಅವನ ಬೆವರು ಒರೆಸಿದ್ದೆ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಆ ಜ್ವರ ನನಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ಅವನೊಳಗೆ ಬಂದ ವೈರಸ್ಸು ಯಾವುದು, ಯಾವ ಹಿಡಿ ಹಿಡಿದು ಬಂದದ್ದು ಎನ್ನುವುದು ನನಗೆ ಗೊತ್ತಿತ್ತು. ಆ ಗ್ರಾಹಿ ರಕ್ತನಾಳದ ಒಳಮೈಯಲ್ಲಿದೆ, ಮಿದುಳಿನಲ್ಲಿದೆ. ಬಾವಲಿಯ ಮೈಯಲ್ಲಿ ಆ ವೈರಸ್ಸು ನೆಂಟನ ಹಾಗೆ ಬಂದು ಉಳಿದು ಹೋಗುತ್ತದೆ, ಬಾವಲಿಗೆ ಏನೂ ಆಗುವುದಿಲ್ಲ. ಅದೇ ಹಿಡಿ ಹಂದಿಯಲ್ಲೂ ಇದೆ. ಕುದುರೆಯಲ್ಲೂ ನಾಯಿಯಲ್ಲೂ ಇದೆ. ನಮ್ಮಲ್ಲೂ ಇದೆ. ಇಷ್ಟು ತಿಳಿದಿದ್ದೂ ಹೆಂಡತಿಯಾಗಿ ನಾನು ಮಾಡಲು ಆದದ್ದು ಬಟ್ಟೆ ಒದ್ದೆ ಮಾಡಿ ಹಣೆಯ ಮೇಲೆ ಹಾಕುವುದು.

ಹಿಡಿ ಕೆತ್ತಿಸುವ ಮಾತು ಶುರುವಾದದ್ದು ಕೊಟ್ರಪ್ಪನಿಂದಲೇ. ಅವನಿಗೆ ಕೋತಿಯ ಕಥೆ ತಮಾಷೆಯಲ್ಲ. "ನೋಡಮ್ಮ, ತಪ್ಪು ತಿಳ್ಕೋಬೇಡ," ಎಂದು ದೂರದಲ್ಲೇ ನಿಂತು ಹೇಳಿದ. "ಸತ್ತವರ ಹಿಡಿ ಬಿಟ್ರೆ ಅಂಥದೇ ಕೈ ಇರೋದು ಯಾವುದೋ ಹುಡುಕ್ಕೊಂಡು ಬರುತ್ತೆ. ಡಾಕ್ಟ್ರ ಹಿಡಿ ಒಂದು ಕಡೆ ಇದ್ದದ್ದಾ? ಊರಲ್ಲೆಲ್ಲ ಇತ್ತು. ಎಲ್ಲರೂ ತೆಗೆಸ್ತಾ ಇದ್ದಾರೆ. ನಿಮ್ಮದೊಂದು ಉಳಿದ್ರೆ ಬೀದಿಗೇ ಕೇಡು." ಹಾಲಿನವಳು ಹಾಲನ್ನು ಜಗಲಿಯ ತುದಿಯಲ್ಲಿಟ್ಟು ಹೋಗತೊಡಗಿದಳು, ತನ್ನ ಹಿಡಿ ಮುಟ್ಟಲೂ ಅಂಜಿ. ಬಾಗಿಲಿನ ಕೆಳಭಾಗದಲ್ಲಿ ಮಾವನ ಹಿಡಿ ಇದ್ದ ಜಾಗ, ಮಾಗಿದ ಗಾಯದ ಹಾಗೆ ನುಣುಪಾದ ಒಂದು ಗುರುತು. ಅತ್ತೆ ಹಾದು ಹೋಗುವಾಗ ಅದನ್ನು ಸೆರಗಿನ ತುದಿಯಿಂದ ಒಮ್ಮೆ ಸವರುತ್ತಿದ್ದರು. ಮಾವ ಹೋದಾಗ ಅವರಿಗೆ ನನ್ನದೇ ವಯಸ್ಸಂತೆ. ಹನ್ನೊಂದನೆಯ ದಿನಕ್ಕೇ ಕೆತ್ತಿಸಿದ್ದರಂತೆ.

"ಇಟ್ಕೊಂಡ್ರೆ ದಿನಾ ನೋಡಬೇಕು ಮಂಗಳಾ," ಎಂದರು ಒಂದು ದಿನ. "ನನ್ನ ಕೈಲಿ ಆಗಲ್ಲ. ಆಚಾರಿಗೆ ಹೇಳಿ ಕಳಿಸಿದೀನಿ."

"ಹೂಂ," ಎಂದೆ. ಆದರೆ ಆ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತಾಗ ಒಂದು ವಿಷಯ ಹೊಳೆಯಿತು. ಅವನ ಕೈ ಹೇಗಿತ್ತು ಎನ್ನುವುದಕ್ಕೆ ಲೋಕದಲ್ಲಿ ಇನ್ನು ಉಳಿದಿರುವ ಸಾಕ್ಷಿ ಆ ಮರದ ಗಂಟೊಂದೇ. ನಾಳೆ ಅದೂ ಹೋದರೆ ಅವನು ನನ್ನ ಕೈ ಹಿಡಿದಾಗ ಹೆಬ್ಬೆರಳಿನ ಮೋಟು ಎಲ್ಲಿ ತಾಗುತ್ತಿತ್ತು ಎನ್ನುವುದನ್ನೂ ನಾನು ಮರೆತುಬಿಡುತ್ತೇನೆ. ನನ್ನ ಹೆಸರನ್ನು ಅವನು ಮರೆತ ಹಾಗೆ.

ಮೋನಾಚಾರಿ ಮಾರನೆಯ ಬೆಳಿಗ್ಗೆಯೇ ಬಂದ. ಹೆಗಲಲ್ಲಿ ಉಳಿ, ಕೊಡತಿಯ ಚೀಲ. ಬೆನ್ನ ಮೇಲೆ ಇನ್ನೊಂದು ಗೋಣಿಚೀಲ, ಅದರ ಭಾರಕ್ಕೆ ಬಗ್ಗಿ ಹೋಗಿದ್ದ. ಎಂಥ ದುಃಖದ ಮನೆಯಲ್ಲೂ ಸುಮ್ಮನಿರಲು ಬಾರದ ಮನುಷ್ಯ.

"ಸೊಂಟ ಹೋಯ್ತು ತಾಯಿ. ನಿನ್ನ ಗಂಡ ಒಳ್ಳೆಯವನು, ನಿಜ. ಆದ್ರೆ ಇಷ್ಟು ಒಳ್ಳೆಯವನಾಗಬಾರದಿತ್ತು. ಯಾವ ಕೊಟ್ಟಿಗೆಗೆ ಹೋದ್ರೂ ಅವನದೊಂದು ಹಿಡಿ. ಕೆತ್ತಿ ಕೆತ್ತಿ ಉಳಿ ಮೊಂಡಾಯ್ತು. ನನ್ನ ಸ್ವಂತ ಮನೇಲಿ ನನ್ನ ಹಿಡೀನೇ ಸರಿಯಾಗಿ ಮೂಡಿಲ್ಲ, ಅರ್ಧ ದಿನ ನನ್ನ ಹೆಂಡ್ತಿ ಹೊರಗೇ ನಿಲ್ಲಿಸ್ತಾಳೆ."

"ಆ ಚೀಲದಲ್ಲಿ ಏನಪ್ಪ?" ಎಂದರು ಅತ್ತೆ.

"ಅವೇ. ಒಲೆಗೆ ಹಾಕೋಕೆ ಮನಸ್ಸು ಬರಲಿಲ್ಲ. ನಿಮ್ಮ ವಸ್ತು, ನಿಮಗೇ ಕೊಟ್ಟು ಹೋಗೋಣ ಅಂತ." ಗೋಣಿಚೀಲವನ್ನು ಜಗಲಿಯ ಮೇಲೆ ಸುರಿದ.

ಹಿಡಿಗಳು ಉರುಳಿದವು. ಬೇವಿನದು, ತೇಗದ್ದು, ಹುಣಸೆಯದು, ಜಾಲಿಯದು. ಹಂದಿದೊಡ್ಡಿಯದು ಕರ್ರಗೆ ಕೆಸರು ಹಿಡಿದಿತ್ತು. ಕುದುರೆ ಲಾಯದ್ದು ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಕುರಿಹಟ್ಟಿಯದಕ್ಕೆ ಉಣ್ಣೆಯ ಎಳೆ ಅಂಟಿತ್ತು. ಮರ ಬೇರೆ ಬೇರೆ, ಬಣ್ಣ ಬೇರೆ ಬೇರೆ. ಕೈ ಒಂದೇ. ಪ್ರತಿಯೊಂದರಲ್ಲೂ ನಾಲ್ಕು ಬೆರಳಿನ ಹಳ್ಳ ಆಳವಾಗಿ, ಹೆಬ್ಬೆರಳಿನದು ಅರ್ಧಕ್ಕೇ ನಿಂತು.

ನಾನು ಹಿಡಿಗಳ ಪಕ್ಕ ಕೂತೆ. ವಿಶ್ವವಿದ್ಯಾಲಯದಲ್ಲಿ ನಮಗೆ ಒಂದು ಪಟ ತೋರಿಸಿದ್ದರು. ಬಾವಲಿಯದು, ಹಂದಿಯದು, ಕುದುರೆಯದು, ಮನುಷ್ಯನದು, ಆ ಗ್ರಾಹಿಯ ರಚನೆಯನ್ನು ಸಾಲಾಗಿ ಒಂದರ ಕೆಳಗೊಂದು ಬರೆದಿದ್ದರು. ಅಕ್ಷರಗಳ ಸಾಲು. ಮೇಲಿನಿಂದ ಕೆಳಗೆ ಕಣ್ಣು ಹಾಯಿಸಿದರೆ ಹೆಚ್ಚು ಕಡಿಮೆ ಎಲ್ಲ ಒಂದೇ. ಆಗ ಅದನ್ನು ಬಾಯಿಪಾಠ ಮಾಡಿದ್ದೆ. ಕೋಟಿ ಕೋಟಿ ವರ್ಷಗಳ ಹಿಂದೆ ಬೇರೆಯಾದ ಮೈಗಳು, ಒಂದು ಹಾರುವುದು, ಒಂದು ರಾಡಿಯಲ್ಲಿ ಹೊರಳುವುದು, ಒಂದು ಜಗಲಿಯ ಮೇಲೆ ಕೂತು ನಗುವುದು. ಇಷ್ಟೆಲ್ಲ ಬದಲಾದರೂ ಈ ಒಂದು ಹಿಡಿಯನ್ನು ಯಾವುದೂ ಬಿಟ್ಟುಕೊಟ್ಟಿಲ್ಲ. ಅದು ನನ್ನ ಜಗಲಿಯ ಮೇಲೆ ರಾಶಿಯಾಗಿ ಬಿದ್ದಿತ್ತು. ನನ್ನ ತೋಳಿನ ಮೇಲೆ ರೋಮ ಎದ್ದು ನಿಂತಿತು. ಅವನು ಹೋದಂದಿನಿಂದ ನನ್ನ ಮೈಗೆ ಏನಾದರೂ ಆದದ್ದು ಅದೇ ಮೊದಲು.

ಅತ್ತೆ ಹಂದಿದೊಡ್ಡಿಯ ಹಿಡಿಯನ್ನು ಎತ್ತಿಕೊಂಡು ಸೆರಗಿನಿಂದ ಕೆಸರು ಒರೆಸುತ್ತಿದ್ದರು. "ನೀನು ಓದಿದವಳು. ನನಗೆ ಒಂದು ಹೇಳು ಮಂಗಳಾ. ಆ ಜ್ವರ ಹಿಡ್ಕೊಳ್ಳೋ ಅಂಥ ಹಿಡಿ ಒಂದು ನನ್ನ ಮಗನ ಮೈಯೊಳಗೇ ಇತ್ತು ಅಂದೆಯಲ್ಲ ಆವತ್ತು. ಅದನ್ನ ಯಾಕಿಟ್ಟ ಶಿವ? ಮಾರಿ ಬರಲಿ ಅಂತಲೇ ಇಟ್ಟನಾ?"

"ಇಲ್ಲ ಅತ್ತೆ." ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಅದು ಮಾರಿಗೆ ಅಂತ ಇಟ್ಟದ್ದಲ್ಲ. ಬಸಿರಲ್ಲಿ ಮಗು ಕಾಳಿನಷ್ಟು ಇರುವಾಗ ಅದರೊಳಗೆ ರಕ್ತ ಹರಿಯೋಕೆ ದಾರಿ ಆಗಬೇಕು. ಗುಂಡಿಗೆಯಿಂದ ಹೊರಡೋ ನಾಳ ಯಾವುದು, ಅಲ್ಲಿಗೆ ತಿರುಗಿ ಬರೋ ನಾಳ ಯಾವುದು, ಅವಕ್ಕೆ ಕಣ್ಣಿಲ್ಲ, ಹೇಳಿಕೊಡುವವರಿಲ್ಲ. ಒಂದರ ಮೈಮೇಲೆ ಆ ಹಿಡಿ ಇರುತ್ತೆ, ಇನ್ನೊಂದರ ಮೇಲೆ ಅದನ್ನು ಹಿಡಿಯೋ ಕೈ. ಕತ್ತಲಲ್ಲಿ ಮುಟ್ಟಿ ಮುಟ್ಟಿ ನೀನು ಹೋಗುವವನು, ನಾನು ಬರುವವನು ಅಂತ ಗುರುತು ಹಿಡೀತವೆ. ಆ ಹಿಡಿ ಇಲ್ಲದ ಹಾಗೆ ಮಾಡಿದ ಇಲಿಮರಿಗಳು ತಾಯಿ ಹೊಟ್ಟೇಲೇ ಸತ್ತುಹೋದವು. ನಿಮ್ಮ ಹೊಟ್ಟೇಲಿ ಅವರು ಉಳಿದದ್ದೇ ಅದರಿಂದ."

ಅತ್ತೆ ಕೈಯಲ್ಲಿದ್ದ ಹಿಡಿಯನ್ನೇ ನೋಡುತ್ತ, "ಅದೇ ಹಿಡಿಯಾ?" ಎಂದರು.

"ಅದೇ."

"ಅದರಿಂದಲೇ ನನ್ನ ಮಗ ಆದದ್ದು."

"ಹೂಂ."

"ಅದರಿಂದಲೇ ಹೋದದ್ದು."

ನಾನು ತಲೆಯಾಡಿಸಿದೆ. ಕೊಟ್ರಪ್ಪ ಅಷ್ಟರಲ್ಲಿ ಬೀದಿ ದಾಟಿ ಬಂದಿದ್ದ. "ಕೆಲಸ ಆಗಲಿ ಆಚಾರ್ರೇ, ಬಿಸಿಲೇರುತ್ತೆ," ಎಂದ. ಮೋನಾಚಾರಿ ಎದ್ದು, ಉಳಿಯನ್ನು ಬಾಗಿಲಿನ ಮೇಲೆ ಗುರುಶಾಂತನ ಹಿಡಿಯ ಬುಡಕ್ಕೆ ಆನಿಸಿದ. ಅತ್ತೆ ತಟ್ಟನೆ, "ತಡಿ," ಎಂದು ಹೋಗಿ ಮಗನ ಹಿಡಿಯ ಮೇಲೆ ತಮ್ಮ ಕೈ ಇಟ್ಟರು. ಕೊನೆಯ ಸಲಕ್ಕೆಂದು. ಅವರ ಬೆರಳುಗಳು ಅದರಲ್ಲಿ ಕೂರಲಿಲ್ಲ, ಬಾಗಿಲು ತೆರೆಯಲಿಲ್ಲ. ಕೆಳಗಿನಿಂದ ಮೇಲಕ್ಕೆ ಸವರಿದರು, ಮೋಟು ಹೆಬ್ಬೆರಳಿನ ಜಾಗದಲ್ಲಿ ನಿಂತರು, ಬುಡದ ಸುತ್ತ ಬೆರಳು ಆಡಿಸಿದರು. ಬೆರಳು ಒಂದು ಕಡೆ ನಿಂತುಬಿಟ್ಟಿತು. ಅವನ ಹಿಡಿಗೂ ನನ್ನ ಹಿಡಿಗೂ ನಡುವೆ, ಎರಡರ ಬುಡವೂ ಕೂಡುವ ಸಂದಿನಲ್ಲಿ.

"ಆಚಾರಿ," ಎಂದರು ಮೆಲ್ಲಗೆ, "ಇದು ಏನು ನೋಡು."

ಮೋನಾಚಾರಿ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದ. ಉಗುರಿನಿಂದ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡ. ಉಳಿ ನೆಲದ ಮೇಲಿಟ್ಟ. "ಪೀಚು ಹಿಡಿದಿದೆ ಮರುಳಮ್ಮ, ಹೊಸ ಹಿಡೀದು," ಎಂದ.

ಅತ್ತೆ ತಿರುಗಿ ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. ನಾನು ಮುಟ್ಟಾಗದೆ ಇದ್ದದ್ದು ನಿಜ. ದುಃಖಕ್ಕೆ ಹಾಗಾಗುತ್ತದೆ ಎಂದುಕೊಂಡಿದ್ದೆ, ಆಮೇಲೆ ಅದನ್ನು ಯೋಚಿಸುವುದನ್ನೂ ಬಿಟ್ಟಿದ್ದೆ. ನಾನು ಹತ್ತಿರ ಹೋಗಿ ಆ ಸಂದಿಗೆ ಬೆರಳು ಇಟ್ಟೆ. ಸಾಸಿವೆಗಿಂತ ದೊಡ್ಡದು, ಬಟಾಣಿಗಿಂತ ಸಣ್ಣದು. ಮರ ಅಲ್ಲಿ ಬೆಚ್ಚಗಿತ್ತು. ಬಿಸಿಲಿಗೆ ಇರಬಹುದು. ಇಷ್ಟು ದಿನ ಆ ಜಾಗವನ್ನು ಮುಟ್ಟದೆ ಒರೆಸುತ್ತಿದ್ದವಳಿಗೆ ಅದು ಕಂಡಿರಲೇ ಇಲ್ಲ.

"ನನ್ನ ಮಗನದೊಂದನ್ನೇ ಕೆತ್ತಿದ್ರೆ?" ಅತ್ತೆ ಕೇಳಿದರು.

"ಬುಡ ಒಂದೇ ಅಲ್ವಾ ಅವ್ವ. ಇದೂ ಬರುತ್ತೆ ಉಳಿಗೆ."

"ಹಂಗಂತ ಬಿಟ್ಟುಬಿಡೋಕಾಗುತ್ತಾ?" ಎಂದ ಕೊಟ್ರಪ್ಪ. ಅವನ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಅವನ ಮನೆಯಲ್ಲೂ ಮಕ್ಕಳಿದ್ದವು. "ಅಂಥದೇ ಕೈ ಇನ್ನೊಂದು ಬಂದ್ರೆ? ಮಗು ಇರೋ ಮನೆ ಅಂತ ಬಿಡುತ್ತಾ ಅದು?"

"ಬಿಡಲ್ಲ," ಎಂದರು ಅತ್ತೆ. "ಆ ಕೊನೇ ಮನೆ ನೋಡಿದೀಯಲ್ಲ ಕೊಟ್ರಪ್ಪ, ನುಣ್ಣನೆ ಬಾಗಿಲಿಂದು. ಮಾರಿ ಬಂದಾಗ ಇರೋ ಹಿಡಿಯೆಲ್ಲ ಕೆತ್ತಿಸಿ ಒಳಗೆ ಕೂತರು. ಮಾರಿ ಒಳಗೆ ಹೋಗಲಿಲ್ಲ, ನಿಜ. ಹಾಲೂ ಹೋಗಲಿಲ್ಲ. ಸೂಲಗಿತ್ತೀನೂ ಹೋಗಲಿಲ್ಲ. ಗೋಡೆ ಒಡೆದು ನೋಡಿದವರಲ್ಲಿ ನಿಮ್ಮಪ್ಪನೂ ಒಬ್ಬ. ಏನು ಕಂಡ ಅಂತ ನಿನಗೆ ಹೇಳಿರಬೇಕು."

ಕೊಟ್ರಪ್ಪ ನೆಲ ನೋಡಿದ. "ಬಾವಲಿ ಕಚ್ಚಿದ ಹಣ್ಣು ಹಂದಿ ಬಾಯಿಗೆ ಬೀಳದ ಹಾಗೆ ದೊಡ್ಡಿ ಮೇಲೆ ಬಲೆ ಕಟ್ಟಿಸಬೇಕು ಅಂತ ಡಾಕ್ಟ್ರು ಹೇಳ್ತಿದ್ರು," ಎಂದ. "ಅದನ್ನಾದ್ರೂ ಮಾಡ್ತೀನಿ ನಾನು."

"ಮಾಡಪ್ಪ. ಪುಣ್ಯ ಬರುತ್ತೆ."

ಅವನು ಬೀದಿ ದಾಟಿ ಹೋದ. ಮೋನಾಚಾರಿ ಉಳಿಯನ್ನು ಚೀಲಕ್ಕೆ ಸೇರಿಸಿ, ಹೋಗುವ ಮುಂಚೆ ನಮ್ಮಿಬ್ಬರನ್ನೂ ನೋಡಿ, "ಸುಮ್ಮನೆ ಹೊರೆ ಹೊತ್ತುಕೊಂಡು ಬಂದೆ," ಎಂದು ಗೊಣಗಿದ. ಅವನ ಕಣ್ಣು ಒದ್ದೆಯಾಗಿತ್ತು. ಜಗಲಿಯ ಮೇಲಿನ ಹಿಡಿಗಳನ್ನು ಅತ್ತೆಯೂ ನಾನೂ ಒಂದೊಂದಾಗಿ ತೊಳೆದು ಬಿಸಿಲಿಗೆ ಇಟ್ಟೆವು.

ಈಗ ನನ್ನ ಹೊಟ್ಟೆ ಮುಂದೆ ಬಂದಿದೆ. ಹಾಲಿನವಳು ಮತ್ತೆ ತನ್ನ ಹಿಡಿ ಹಿಡಿದು ಒಳಗೆ ಬರುತ್ತಾಳೆ. ಹಂದಿದೊಡ್ಡಿಯ ಮೇಲೆ ಬಲೆ ಬಿದ್ದಿದೆ, ಬಲೆಯ ಮೇಲೆ ಸೀಬೆಯ ಚೂರುಗಳು ಒಣಗುತ್ತವೆ. ಸಂಜೆ ಜಗಲಿಯ ಮೇಲೆ ಕೂತಾಗ ಬಾವಲಿಗಳು ತಲೆಯ ಮೇಲೆ ಹಾದು ಹೋಗುತ್ತವೆ. ನನಗೆ ಅವುಗಳ ಮೇಲೆ ಸಿಟ್ಟು ಬರುವುದಿಲ್ಲ. ಅವುಗಳ ಬಸಿರಲ್ಲೂ ಇದೇ ಹೊತ್ತಿಗೆ ಯಾವುದೋ ಮರಿಯ ರಕ್ತ ಕತ್ತಲಲ್ಲಿ ಮುಟ್ಟಿ ಮುಟ್ಟಿ ದಾರಿ ಹುಡುಕುತ್ತಿರಬಹುದು, ನನ್ನದರಲ್ಲಿ ಹುಡುಕಿದ ಹಾಗೆ. ಒಂದೇ ಹಿಡಿ. ಹೆದರಿಕೆ ಹೋಗಿಲ್ಲ. ಬಾಗಿಲು ಸದ್ದಾದರೆ ಈಗಲೂ ಎದ್ದು ಹೋಗಿ ನೋಡುತ್ತೇನೆ. ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೊಂದು ಇದೆ. ಅದಕ್ಕೆ ಹೆಸರು ಗೊತ್ತಿಲ್ಲ. ದೊಡ್ಡ ಹೊಳೆಯ ಮುಂದೆ ನಿಂತಾಗ ಆಗುವಂಥದ್ದು.

ಸಂದಿನ ಪೀಚು ಈಗ ಸಣ್ಣ ನಿಂಬೆಕಾಯಿಯಷ್ಟಾಗಿದೆ. ಬೆಳಿಗ್ಗೆ ಬಾಗಿಲು ಒರೆಸುವಾಗ ಅಲ್ಲಿ ಬಟ್ಟೆ ಬಿಟ್ಟು ಬೆರಳಿನ ತುದಿಯಿಂದ ಒರೆಸುತ್ತೇನೆ. ಇವತ್ತು ಅದರಲ್ಲಿ ಹಳ್ಳಗಳು ಸಿಕ್ಕವು, ಅಕ್ಕಿ ಕಾಳು ಕೂರುವಷ್ಟು. ಅತ್ತೆಯನ್ನು ಕೂಗಿದೆ. ಅವರು ಹಿಟ್ಟಿನ ಕೈಯಲ್ಲೇ ಓಡಿ ಬಂದು, ಕನ್ನಡಕ ಇಲ್ಲದೆ, ಕಿರುಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತ ಹೋದರು. ಕೊನೆಯದನ್ನು ಎರಡು ಸಲ ಮುಟ್ಟಿದರು. ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿಟ್ಟರು.

ಹೆಬ್ಬೆರಳು ಪೂರ್ತಿ ಇತ್ತು.